ನಿಂತಲ್ಲೇ ಓಡುವ ಸೈಕಲ್ ಮತ್ತು ನನ್ನ ಅತ್ತೆ

ನನ್ನ ಸೋದರತ್ತೆಗೆ ವಾಸಿಯಾಗುವ ಇಷ್ಟವೇ ಇರಲಿಲ್ಲ! ಹೀಗೆಂದರೆ ಬನಹಟ್ಟಿಯ ನಮ್ಮ ಮಂದಿ ನನ್ನ ಮೇಲೆ ಏರಿ ಬರುತ್ತಾರೆ. ‘ಎಷ್ಟು ತಾಳ್ಮೆಯಿಂದ ಚಿಕಿತ್ಸೆ ಮಾಡಿಸಿಕೊಂಡಳು’ ಎಂಬ ಅವರ ನೆನಪು ಇಸ್ತ್ರಿ ಹಾಕಿದ ಅಂಗಿಯಂತಿದೆ. ನಂಬಬೇಡಿ. ದಿನಾ ಕರೆದುಕೊಂಡು ಹೋಗುತ್ತಿದ್ದವನು ನಾನು.

ಅತ್ತೆಯ ಬಲಭುಜ ಹಿಡಿದುಕೊಂಡಿತ್ತು. ಕೈ ಎದೆಮಟ್ಟಕ್ಕಿಂತ ಮೇಲೆ ಏಳದು. ತಲೆ ಬಾಚಲೂ ಸೊಸೆ ಬೇಕು. ಹಾಗಾಗಿ ಬಸ್ ಹತ್ತಿ ಜಮಖಂಡಿಯ ಫಿಜಿಯೋಥೆರಪಿಗೆ ಹೋದೆವು. ಮೊದಲ ದಿನ ಡಾಕ್ಟರು, ಗೋಡೆಯ ಮೇಲೆ ಬೆರಳು ನಡೆಸುತ್ತಾ ಕೈ ಏರಿಸಿ ಎಂದರು.

“ನಾ ಏನ್ ಹಲ್ಲಿ ಏನೋ ತಮ್ಮಾ?”

ಮರುದಿನ ಚಾವಣಿಯ ರಾಟೆಯಿಂದ ಇಳಿಬಿಟ್ಟ ಹಗ್ಗ. ಡಾಕ್ಟರು ಭಾರಿ ಉಪಾಯ ಹೊಳೆದವರಂತೆ ನಕ್ಕರು. “ಕೈಮಗ್ಗದಾಗ ಲಾಳಿ ಓಡ್ಸಾಕ ಹಗ್ಗ ಎಳೀತಿದ್ರೆಲ್ಲರೀ ಅವ್ವಾರ? ಹಂಗs ಎಳೀರಿ.”

“ಮೂವತ್ತು ವರ್ಷ ಎಳದಿದ್ದಕ್ಕs ಈ ಗತಿ ಬಂದೈತಿ! ದುಡಿಮಿಗೆ ಔಷಧ ಅಂತ ಹೆಸರಿಟ್ರ ಮತ್ತ ಎಳೀತೀನೇನು?”

ಡಾಕ್ಟರು ಹಗ್ಗದ ಗಂಟು ಸರಿಪಡಿಸತೊಡಗಿದರು. ನೀವಾದರೆ ಏನು ಹೇಳುತ್ತಿದ್ದಿರಿ?

ಅಷ್ಟರಲ್ಲಿ ಅತ್ತೆಯ ಕಣ್ಣು ಮೂಲೆಯ ಸೈಕಲ್ ಮೇಲೆ ಬಿತ್ತು. ನೆಲಕ್ಕೆ ನೆಟ್ಟಿದ್ದ, ಮೊಣಕಾಲು ನೋವಿನವರು ತುಳಿಯುವ ಸೈಕಲ್. ಅಣ್ಣ, ತಮ್ಮ, ಗಂಡ, ಮಗ ಎಲ್ಲರ ಸೈಕಲ್ ಒರೆಸಿದ್ದಳು ಅತ್ತೆ. ಏರಲು ಮಾತ್ರ ಯಾರೂ ಬಿಟ್ಟಿರಲಿಲ್ಲ.

“ನನಗ ಮೊಣಕಾಲೂ ನೋಯಾಕತ್ತೈತಿ.”

“ಯಾವಾಗಿಂದ್ರೀ?”

“ಈಗಿಂದ!”

ಒಪ್ಪಂದವಾಯಿತು: ಇಪ್ಪತ್ತು ಸಲ ಹಗ್ಗ ಎಳೆದರೆ ಐದು ನಿಮಿಷ ಸೈಕಲ್. ಅತ್ತೆ ಸೀರೆ ಎತ್ತಿ ಸಿಕ್ಕಿಸಿ ಏರಿಯೇಬಿಟ್ಟಳು. ಸೊಂಟಕ್ಕೆ ಶಾಖ ಕೊಡಿಸಿಕೊಳ್ಳುತ್ತಿದ್ದ ಮುಧೋಳದ ಯಜಮಾನರೊಬ್ಬರು ಮಲಗಿದಲ್ಲಿಂದಲೇ ಗೊಣಗಿದರು. “ಈ ವಯಸ್ಸಿನ್ಯಾಗ ಹೆಂಗಸರು ಸೈಕಲ್ ಹೊಡೀತಾರೇನ್ರೀ?”

“ಹೊಡಿಯಾಕತ್ತೇನಲ್ಲ! ಅಡ್ಡ ಬರಬ್ಯಾಡ್ರಿ, ಬಡೀತೈತಿ ಮತ್ತ.”

ತಿಂಗಳಲ್ಲಿ ಭುಜ ಸಡಿಲಾಯಿತು. ಅಪಾಯ! ವಾಸಿಯಾದರೆ ಸೈಕಲ್ ಹೋಯಿತಲ್ಲ? ಡಾಕ್ಟರ ಮುಂದೆ ಕೈ ಮತ್ತೆ ಎದೆಮಟ್ಟಕ್ಕೇ ನಿಲ್ಲತೊಡಗಿತು. ಹೊರಗೆ ಬಸ್ ನಿಲ್ಲಿಸಲು ಅದೇ ಕೈ ಬಾವುಟದಂತೆ ಮೇಲೇರುತ್ತಿತ್ತು.

“ಅತ್ತಿ, ಏನಿದು?”

“ಬಾಯಿ ಬಿಟ್ಟಿ ಅಂದ್ರ ನೋಡಲೇ!”

ಬಿಡಲಿಲ್ಲ. ಆ ಮೋಸದಲ್ಲಿ ನಾನೂ ಪಾಲುದಾರ, ಪಶ್ಚಾತ್ತಾಪವೇನೂ ಇಲ್ಲ.

ಒಂದು ಸೋಮವಾರ (ಸೋಮವಾರವೇ? ನನ್ನ ನೆನಪನ್ನೂ ನಂಬಬೇಡಿ) ಗಲಗಲಿಯ ಹೆಂಗಸೊಬ್ಬಳು ಬಂದಳು. ಕಬ್ಬಿನ ಗದ್ದೆಯಲ್ಲಿ ಬಿದ್ದು ಕಾಲು ಮುರಿದು, ಆಗಷ್ಟೇ ಪ್ಲಾಸ್ಟರ್ ತೆಗೆಸಿದ್ದಳು. ಸೈಕಲ್ ತುಳಿಯದಿದ್ದರೆ ಮೊಣಕಾಲು ಮಡಚುವುದೇ ಇಲ್ಲ ಎಂದರು ಡಾಕ್ಟರು. ಆಕೆ ಸೈಕಲ್ ನೋಡಿ ಹಿಂದೆ ಸರಿದಳು.

“ಒಲ್ಲೆರೀ. ಎಂದೂ ಹತ್ತಿಲ್ಲ. ಬಿದ್ರ?”

ನೆಲಕ್ಕೆ ನೆಟ್ಟ ಸೈಕಲ್ಲಿನಿಂದ ಬೀಳುವುದೇ! ನನಗೆ ನಗು ಬಂತು. ಸೀಟಿನ ಮೇಲಿದ್ದ ಅತ್ತೆ ನಗಲಿಲ್ಲ. ಐದು ನಿಮಿಷ ಇನ್ನೂ ಮುಗಿದಿರಲಿಲ್ಲ; ಆದರೂ ಇಳಿದಳು. ಆಕೆಯನ್ನು ಹಿಡಿದು ಏರಿಸಿದಳು. ಹಿಂದೆ ಹೋಗಿ ನಿಂತು, ಡಾಕ್ಟರ ಕಣ್ಣೆದುರೇ, ಆ ‘ಏಳದ’ ಬಲಗೈಯನ್ನು ಎತ್ತರದಲ್ಲಿ ಕುಳಿತವಳ ಹೆಗಲ ಮೇಲಿಟ್ಟಳು. ಡಾಕ್ಟರು ನೋಡಿದರು. ನಾಳೆಯಿಂದ ನಾವು ಬರುವ ಹಾಗಿರಲಿಲ್ಲ.

“ತುಳಿ ತಂಗಿ, ಅಂಜಬ್ಯಾಡ. ನಾ ಹಿಂದ ಹಿಡದೇನಿ.”