ಜಪಾನಿ ಕಾರ್ಟೂನಿನ ಮುಕ್ತಾಯ ಗೀತೆಯನ್ನು ಅಜ್ಜಿಯ ರಾಗವೆಂದು ಘೋಷಿಸುವ ಕುರಿತು

ಗುನುಗು ಮತ್ತು ರಾಗಮೂಲ ಶಾಖೆ, ಬಂಟ್ವಾಳ
(ಬೆಳ್ತಂಗಡಿ ಹಾಗೂ ಮೂಡುಬಿದಿರೆಯ ಹೆಚ್ಚುವರಿ ಪ್ರಭಾರ ಸಹಿತ)

ಸಂಖ್ಯೆ: ಗು.ರಾ.ಶಾ/ಬಂ/ಕು.ಭ/07
ದಿನಾಂಕ: ಮೊಹರು ಮಸುಕಾಗಿದೆ

ಸುತ್ತೋಲೆ

ವಿಷಯ: ಕುಣಿತ ಭಜನೆಯಲ್ಲಿ ಅನಿಮೆ ಗೀತೆಗಳ ಧಾಟಿ ನುಸುಳಿರುವ ಬಗ್ಗೆ.

ಉಲ್ಲೇಖ: 1. ಬೆಳ್ತಂಗಡಿ ತಂಡದ ಕು. ವಿಸ್ಮಿತಾ ಇವರ ಮೌಖಿಕ ದೂರು.
2. ಅಡುಗೆಮನೆಯ ಕಿಟಕಿಯ ಹೊರಗೆ ನಿಂತು ನಡೆಸಿದ ಸ್ಥಳ ಪರಿಶೀಲನೆ.

ಪ್ರಸ್ತಾವನೆ:

ಕಲ್ಲಡ್ಕದ ಮಹಿಳಾ ಕುಣಿತ ಭಜನಾ ತಂಡದ ಮುಖ್ಯ ಹಾಡುಗಾರ್ತಿ ಶ್ರೀಮತಿ ಕಾಂತಿಯವರು ಬೆಳಿಗ್ಗೆ ನೀರುದೋಸೆ ಎರೆಯುತ್ತಿದ್ದಾಗ, ಒಂದು ದೋಸೆ ಕಾವಲಿಯಲ್ಲೂ ಮುಂದಿನದು ಸೌಟಿನಲ್ಲೂ ಇರುವ ಹಂತದಲ್ಲಿ, ಒಂದು ಧಾಟಿಯನ್ನು ಗುನುಗುತ್ತಿರುವುದು ಕಂಡುಬಂದಿರುತ್ತದೆ. ಸದರಿ ಧಾಟಿಯು ಯಾವುದೇ ದೇವರನಾಮದ್ದಾಗಿರದೆ, ಅನಿಮೆ ಎಂದು ಕರೆಯಲಾಗುವ ಜಪಾನಿ ಕಾರ್ಟೂನ್ ಧಾರಾವಾಹಿಯೊಂದರ ಮುಕ್ತಾಯ ಗೀತೆಯದ್ದೆಂದು ದೃಢಪಟ್ಟಿದೆ.

ವಿಚಾರಣೆಯಲ್ಲಿ ತಿಳಿದುಬಂದ ಸಂಗತಿ ಇಂತಿದೆ. ಇವರ ಮಗಳು ಪ್ರಾಪ್ತಿ ಹೋದ ವರ್ಷದವರೆಗೆ ಮನೆಯಲ್ಲಿದ್ದು, ಫೋನನ್ನು ಉಪ್ಪಿನ ಭರಣಿಗೆ ಒರಗಿಸಿಟ್ಟು ಅನಿಮೆ ನೋಡುತ್ತಿದ್ದಳು. ಒಂದು ಕಂತು ಮುಗಿದೊಡನೆ ಮುಕ್ತಾಯ ಗೀತೆಯನ್ನು ಹಾರಿಸಿ ಮುಂದಿನ ಕಂತಿಗೆ ಹೋಗುವುದು ಲೋಕರೂಢಿ. ಕಾಂತಿಯವರ ಎರಡೂ ಕೈ ಹಿಟ್ಟಿನಲ್ಲಿರುತ್ತಿದ್ದ ಕಾರಣ ಅವರು ಏನನ್ನೂ ಹಾರಿಸುವ ಸ್ಥಿತಿಯಲ್ಲಿರಲಿಲ್ಲ. ಅದೂ ಅಲ್ಲದೆ, "ಸ್ಕಿಪ್ ಮಾಡುವುದು ಬೇಡ ಅಮ್ಮ. ಎಂಡಿಂಗ್ ಭಾರೀ ಚಂದ ಉಂಟು, ಕೇಳು" ಎಂದು ಮಗಳು ಸ್ನಾನದ ಮನೆಯಿಂದ ಕೂಗಿ ಹೇಳುತ್ತಿದ್ದುದೂ ದಾಖಲಾಗಿದೆ.

ಅನಂತರ ಸದರಿ ಮಗಳನ್ನು ಮೂಡುಬಿದಿರೆಯ ಒಂದು ಹಾಸ್ಟೆಲಿಗೆ ಸೇರಿಸಲಾಗಿದೆ. ಅಲ್ಲಿ ಫೋನಿಗೆ ಅವಕಾಶವಿಲ್ಲ. ಆಕೆ ಹೋಗಲು ಒಪ್ಪಿರಲಿಲ್ಲ. ಕಳುಹಿಸುವುದು ಬೇಡವೆಂದು ತಾಯಿಯೂ ಹೇಳಿರಲಿಲ್ಲ. ಭಾನುವಾರಗಳಂದು ವಾರ್ಡನ್‌ರ ಫೋನಿನಲ್ಲಿ ಬರುವ ಮಾತು "ಹಾಂ. ಊಟ ಆಯ್ತು. ಇಡ್ತೇನೆ" ಎಂಬಷ್ಟಕ್ಕೇ ಸೀಮಿತವಾಗಿರುತ್ತದೆ. ಅಡುಗೆಮನೆಯಲ್ಲಿ ಹಾಡು ನಿಂತುಹೋದ ಮೇಲೆ ಕಾಂತಿಯವರು ಅದೇ ಧಾಟಿಗೆ ದೇವಿಯ ಮೇಲೆ ಸಾಲು ಹೊಸೆದು ತಂಡಕ್ಕೆ ಕಲಿಸಿರುತ್ತಾರೆ. ಇವೆರಡಕ್ಕೆ ಸಂಬಂಧವಿದೆಯೇ ಎಂಬುದು ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ.

ನಾರಾವಿಯ ಭಜನಾ ಸ್ಪರ್ಧಾ ಕೂಟದಲ್ಲಿ ಈ ಭಜನೆಗೆ ಪ್ರಥಮ ಸ್ಥಾನ ದೊರಕಿದ್ದು, ಮುಖ್ಯ ಅತಿಥಿ ಶ್ರೀ ವಿಮಲಕುಮಾರರು ಕಣ್ಣೊರೆಸಿಕೊಂಡು, "ಇಂಥ ರಾಗ ನಾನು ಸಣ್ಣವನಿರುವಾಗ ಕೇಳಿದ್ದು. ಈಗ ಎಲ್ಲಿ ಉಂಟು?" ಎಂದಿರುತ್ತಾರೆ. ಅವರು ಸಣ್ಣವರಿದ್ದಾಗ ಸದರಿ ಗೀತೆ ಹುಟ್ಟಿರಲಿಲ್ಲ. ಆ ಸಂಭ್ರಮದಲ್ಲಿ ತಂಡದ ಕಾರ್ಯದರ್ಶಿ ಶ್ರೀ ವೆಂಕಪ್ಪನವರು, ಇದು ಹಾಡುಗಾರ್ತಿಯ ಅಜ್ಜಿಯ ರಾಗವೆಂದು ಯಾರನ್ನೂ ಕೇಳದೆ ಮೈಕಿನಲ್ಲಿ ಪ್ರಕಟಿಸಿದರು. ಕಾಂತಿಯವರು ತಾಳಗಳನ್ನು ಚೀಲಕ್ಕೆ ತುಂಬತೊಡಗಿದರು. ಅಷ್ಟರಲ್ಲಿ ಎದುರು ತಂಡದ ಕು. ವಿಸ್ಮಿತಾ, "ಅಜ್ಜಿಯದ್ದಾ? ಇದು ನನ್ನ ರಿಂಗ್‌ಟೋನ್ ಮಾರಾಯ್ತಿ!" ಎಂದು ಪಕ್ಕದವಳಿಗೆ ಹೇಳಿದ್ದು ಮೂರು ತಾಲೂಕುಗಳಿಗೂ ಹರಡಿದೆ.

ಮುಂಬರುವ ಮೂಡುಬಿದಿರೆಯ ಕೂಟಕ್ಕೆ ಪ್ರಾಪ್ತಿ ಇರುವ ಹಾಸ್ಟೆಲಿನ ಮಕ್ಕಳನ್ನು ಸಾಲಾಗಿ ಕರೆತಂದು ಮುಂದೆ ಕೂರಿಸಲಾಗುವುದರಿಂದ ವಿಷಯವನ್ನು ಗಂಭೀರವಾಗಿ ಪರಿಗಣಿಸಿ, ಈ ಕೆಳಗಿನಂತೆ ನಿಯಮಗಳನ್ನು ಹೊರಡಿಸಲಾಗಿದೆ.

1. ಅನಿಮೆ ಗೀತೆಗಳನ್ನು ಅವುಗಳ ಪ್ರಭಾವಕ್ಕೆ ಅನುಗುಣವಾಗಿ ಹೀಗೆ ವರ್ಗೀಕರಿಸಲಾಗಿದೆ:

(ಅ) ಯಂತ್ರಮಾನವರ ಹಳೆಯ ಗೀತೆಗಳು. ಕಹಳೆ, ಡೋಲು, ಗಂಡಸರ ಗುಂಪು. ಕಾಂತಿಯವರ ಮಾವ ಶ್ರೀ ಮುಂಡಪ್ಪನವರು ಒಮ್ಮೆ ಇದನ್ನು ಕೇಳಿ ಆರಾಮಕುರ್ಚಿಯಿಂದ ಎದ್ದು ನೆಟ್ಟಗೆ ನಿಂತಿದ್ದು, ಹಾಡು ಮುಗಿಯುವವರೆಗೆ ಕುಳಿತಿಲ್ಲ. ಹಿರಿಯರ ಮೊಣಕಾಲಿನ ದೃಷ್ಟಿಯಿಂದ ನಿಷೇಧಿಸಲಾಗಿದೆ.

(ಆ) ಆರಂಭ ಗೀತೆಗಳು. ನಾಯಕನು ಕಾರಣವಿಲ್ಲದೆ ಓಡುತ್ತಾನೆ, ಕೂದಲು ಹಾರುತ್ತದೆ, ನಡುವೆ ಒಂದು ಇಂಗ್ಲಿಷ್ ಪದವನ್ನು ಅರಚಲಾಗುತ್ತದೆ. ಬಟ್ಟೆ ಒಗೆಯುವಾಗ ಮಾತ್ರ ಅನುಮತಿ. ತೆಂಗಿನಕಾಯಿ ತುರಿಯುವಾಗ ಬೆರಳಿಗೆ ಸ್ವತಃ ಜವಾಬ್ದಾರರು.

(ಇ) ಮುಕ್ತಾಯ ಗೀತೆಗಳು. ಹುಡುಗಿಯೊಬ್ಬಳು ಎಲ್ಲಿಗೂ ತಲುಪದೆ ನಡೆಯುತ್ತಾಳೆ, ಪಕ್ಕದಲ್ಲಿ ಹೆಸರುಗಳು ಏರಿ ಹೋಗುತ್ತವೆ. ಯಾರೂ ಕೇಳದ ಕಾರಣ ಇವನ್ನು ಈವರೆಗೆ ನಿರುಪದ್ರವಿ ಎಂದು ಭಾವಿಸಲಾಗಿತ್ತು. ಕೈ ಬಿಡುವಿಲ್ಲದ ಹೆಂಗಸರು ಇವನ್ನು ಪೂರ್ತಿಯಾಗಿ ಕೇಳುತ್ತಾ ಬಂದಿರುವುದು ಈಗ ಗಮನಕ್ಕೆ ಬಂದಿದ್ದು, ಅತ್ಯಂತ ಪ್ರಭಾವಶಾಲಿ ಗೀತೆಗಳೆಂದು ಘೋಷಿಸಲಾಗಿದೆ.

(ಈ) ಕಡೆಯ ಕಂತಿನಲ್ಲಿ ಆರಂಭ ಗೀತೆಯೇ ನಿಧಾನವಾಗಿ, ಬರೀ ಪಿಯಾನೋದಲ್ಲಿ ಮರಳಿ ಬರುವ ಸಂದರ್ಭ. ಮಕ್ಕಳು ಹಾಸ್ಟೆಲಿನಲ್ಲಿರುವವರು ಈರುಳ್ಳಿ ಹೆಚ್ಚುತ್ತಿದ್ದರೆ ಮಾತ್ರ ಕೇಳತಕ್ಕದ್ದು.

2. ಗುನುಗುವಾಗ ಬಾಯಿ ಮುಚ್ಚಿರತಕ್ಕದ್ದು. ಬಾಯಿ ತೆರೆದಲ್ಲಿ ಅದನ್ನು ಹಾಡೆಂದೂ, ತಲೆ ಆಡಿಸಿದಲ್ಲಿ ಕಾರ್ಯಕ್ರಮವೆಂದೂ ಪರಿಗಣಿಸಲಾಗುವುದು.

3. ದೋಸೆ ಮಗುಚುವುದನ್ನು ತಾಳಕ್ಕೆ ಹೊಂದಿಸುವಂತಿಲ್ಲ. ನೀರುದೋಸೆಯನ್ನು ಮಗುಚುವ ಪದ್ಧತಿಯೇ ಇಲ್ಲವೆಂದು ಸಿಬ್ಬಂದಿ ಗಮನಕ್ಕೆ ತಂದಿದ್ದಾರೆ. ಆದಾಗ್ಯೂ ನಿಯಮವನ್ನು ಉಳಿಸಿಕೊಳ್ಳಲಾಗಿದೆ.

4. ಜಪಾನಿನಿಂದ ಬಂದ ರಾಗವನ್ನು ಭಜನೆಯಲ್ಲಿ ಹಾಡುವಂತಿಲ್ಲ. ಆದರೆ ಅದೇ ರಾಗವು ಅಜ್ಜಿಯಿಂದ ಬಂದಿದ್ದಲ್ಲಿ ಧಾರಾಳವಾಗಿ ಹಾಡಬಹುದು. ಅಜ್ಜಿಯು ಅದನ್ನು ಎಲ್ಲಿಂದ ತಂದರೆಂದು ಕೇಳುವ ಕ್ರಮ ನಮ್ಮಲ್ಲಿಲ್ಲ.

5. ಆದುದರಿಂದ ಮೂಡುಬಿದಿರೆಯಲ್ಲಿ ಹಾಡುವ ಮುನ್ನ ಮುಖ್ಯ ಹಾಡುಗಾರ್ತಿಯು ಮೈಕಿನ ಮುಂದೆ ನಿಂತು, "ಇದನ್ನು ನನಗೆ ಕಲಿಸಿದ್ದು ನನ್ನ ಅಜ್ಜಿ" ಎಂದು ಸ್ವತಃ ಘೋಷಿಸುವಂತೆ ಈ ಮೂಲಕ ಸೂಚಿಸಲಾಗಿದೆ. ತಪ್ಪಿದಲ್ಲಿ ಮೈಕನ್ನು ಅಲ್ಲಿಯೇ ಹಿಂಪಡೆದು, ಮುಂದಿನ ಕೂಟಗಳಿಂದ ಅವರನ್ನು ತಾಳ ಹಾಕುವ ಸಾಲಿಗೆ ಇಳಿಸಿ, ಕು. ತೃಪ್ತಿಯವರನ್ನು ಮುಖ್ಯ ಹಾಡುಗಾರ್ತಿಯಾಗಿ ನೇಮಿಸಲಾಗುವುದು. ಇವರು ಕಾರ್ಯದರ್ಶಿಯವರ ತಂಗಿಯ ಮಗಳಾಗಿರುವುದು ಕಾಕತಾಳೀಯ.

6. ಘೋಷಣೆಗೆ ಒಪ್ಪಿಸಲು ಶ್ರೀ ವೆಂಕಪ್ಪನವರು ಖುದ್ದಾಗಿ ಕಾಂತಿಯವರ ಮನೆಗೆ ತೆರಳಿದ್ದು, ಅವರ ಮಾತನ್ನು ಯಥಾವತ್ತಾಗಿ ನೀಡಲಾಗಿದೆ: "ಅಜ್ಜಿ ಅಂತ ಒಂದು ಮಾತು ಹೇಳಿಬಿಡಿ ಕಾಂತಿಯಕ್ಕ. ನಿಮ್ಮ ಗಂಟೇನು ಹೋಗ್ತದೆ? ಅಜ್ಜಿ ಎದ್ದು ಬಂದು ಇಲ್ಲ ಅಂತಾರಾ? ಜಪಾನು, ಕಾರ್ಟೂನು ಅಂತ ಹೇಳಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು ಮಾರಾಯ್ರೆ?" ಕಾಂತಿಯವರು, "ಚಾ ಕುಡೀರಿ, ಆರ್ತದೆ" ಎಂದಷ್ಟೇ ಹೇಳಿರುತ್ತಾರೆ. ಇದನ್ನು ಒಪ್ಪಿಗೆಯೆಂದು ಬರೆದುಕೊಳ್ಳಲಾಗಿದೆ.

7. ಮುಂದಿನ ಸಾಲಿನಲ್ಲಿ ಕೂರುವ ಹಾಸ್ಟೆಲ್ ಮಕ್ಕಳು ಯಾವುದೇ ರಾಗವನ್ನು ಗುರುತಿಸತಕ್ಕದ್ದಲ್ಲ. ಗುರುತು ಹತ್ತಿದಲ್ಲಿ ಮುಖದ ಮೇಲೆ ತೋರಿಸಿಕೊಳ್ಳತಕ್ಕದ್ದಲ್ಲ.

8. ಈ ಸುತ್ತೋಲೆಯ ಕರಡನ್ನು ಕಿಟಕಿಯ ಮೂಲಕ ಕಾಂತಿಯವರಿಗೆ ಜಾರಿ ಮಾಡಲಾಯಿತು. ಸದರಿಯವರು ಹಿಟ್ಟಾಗದ ಕಿರುಬೆರಳಿನಿಂದ ಹಾಳೆ ಸರಿಸಿ, ಐದನೆಯ ನಿಯಮವನ್ನು ಮತ್ತೊಮ್ಮೆ ಓದಿ, ಕೊನೆಯ ದೋಸೆಯನ್ನು ಎತ್ತಿ, ಒಲೆ ಆರಿಸಿರುತ್ತಾರೆ. ಬಳಿಕ ಬೆನ್ನು ನೆಟ್ಟಗೆ ಮಾಡಿ, ಸೌಟನ್ನು ಬಾಯಿಯ ಹತ್ತಿರ ಹಿಡಿದು, "ಇದನ್ನು ನನಗೆ ಕಲಿಸಿದ್ದು" ಎಂದು ಆರಂಭಿಸಿ, ಮುಂದಿನದನ್ನು ಸ್ವರವಿಲ್ಲದೆ ತುಟಿಯಲ್ಲಿ ಹೇಳಿಕೊಂಡಿರುತ್ತಾರೆ. ತುಟಿಯ ಚಲನೆಯನ್ನು ಪರಿಶೀಲಿಸಲಾಗಿ, ಅದು ಅಜ್ಜಿ ಎಂಬ ಪದಕ್ಕೆ ಹೊಂದುವುದಿಲ್ಲ. ಅವರು ಹೇಳಿಕೊಂಡ ಹೆಸರಿನಲ್ಲಿ ತುಟಿಗಳು ಒಮ್ಮೆ ಮುಚ್ಚಿ ತೆರೆಯುತ್ತವೆ, ಮತ್ತೊಮ್ಮೆ ಮುಚ್ಚಿ ತೆರೆಯುತ್ತವೆ. ಅಷ್ಟರಲ್ಲಿ ಮುಂಡಪ್ಪನವರು ಒಳಗಿನಿಂದ "ಯಾರ ಹತ್ತಿರ ಮಾತಾಡುವುದು?" ಎಂದು ಕೇಳಿದ್ದಕ್ಕೆ, "ಯಾರೂ ಇಲ್ಲ ಮಾವ, ಈಗ ದೋಸೆ ತರ್ತೇನೆ" ಎಂದಿರುತ್ತಾರೆ. ಸ್ವರವಿಲ್ಲದ ಮಾತು ಗುನುಗಿನ ವ್ಯಾಖ್ಯೆಯೊಳಗೆ ಬಾರದಿರುವುದರಿಂದ ಶಾಖೆಗೆ ಈ ಹಂತದಲ್ಲಿ ಯಾವುದೇ ಕ್ರಮ ಕೈಗೊಳ್ಳಲು ಅವಕಾಶವಿರುವುದಿಲ್ಲ.

ಸಹಿ/-
ಪ್ರಭಾರ ಅಧಿಕಾರಿ
ಗುನುಗು ಮತ್ತು ರಾಗಮೂಲ ಶಾಖೆ, ಬಂಟ್ವಾಳ

ಪ್ರತಿಗಳು:
1. ಶ್ರೀ ವೆಂಕಪ್ಪ, ಕಾರ್ಯದರ್ಶಿ: ನಿಶ್ಚಿಂತೆಯಿಂದಿರಲು.
2. ಕು. ತೃಪ್ತಿ: ಅಭ್ಯಾಸ ಆರಂಭಿಸಲು.
3. ಕು. ವಿಸ್ಮಿತಾ: ರಿಂಗ್‌ಟೋನ್ ಬದಲಾಯಿಸಲು.
4. ಶ್ರೀ ಮುಂಡಪ್ಪ: ಕುಳಿತೇ ಇರಲು.
5. ಧ್ವನಿವರ್ಧಕದವರು, ಮೂಡುಬಿದಿರೆ: ಮೈಕಿನ ಸ್ವಿಚ್ಚಿನ ಹತ್ತಿರವೇ ಇರಲು. (ಮುಂದಿನ ಸಾಲಿನವರೆಗೆ ಕೇಳಲು ಮೈಕಿನ ಅಗತ್ಯವಿಲ್ಲವೆಂಬುದನ್ನು ಶಾಖೆಯು ತಡವಾಗಿ ಗಮನಿಸಿದೆ.)
6. ಕಚೇರಿ ಪ್ರತಿ. ಇದನ್ನು ಬೆರಳಚ್ಚು ಮಾಡಿದ ಸಿಬ್ಬಂದಿಯು ಗುನುಗುತ್ತಿರುವುದು ಕಂಡುಬಂದಿದ್ದು, ಕಾರಣ ಕೇಳಲಾಗಿದೆ.