ದೋಣಿಯ ಜೋಡಿ ಲಾಟೀನು

ಹೊಳೆನರಸೀಪುರಕ್ಕೆ ಟೆಂಟು ಸಿನಿಮಾ ಬಂದು ವಾರವಾಗಿತ್ತು. ಹೊಳೆಯ ಈಚೆ ದಡದ ಮಾಯಮ್ಮನಿಗೆ ಗಾಳಿಯಲ್ಲಿ ತೇಲಿಬರುವ ಅದರ ಹಾಡು ಮಾತ್ರ ದಕ್ಕಿತ್ತು. ಹುಟ್ಟಿದಾಗಿನಿಂದ ಅವಳು ಒಂದೂ ಸಿನಿಮಾ ನೋಡಿದವಳಲ್ಲ. ಗಂಡ ತಮ್ಮಯ್ಯನಿಗೆ ಯಾವುದೋ ಇಂಗ್ಲಿಷ್ ದೊರೆ ಬಿಟ್ಟುಹೋದ ಹಾಯಿದೋಣಿ ಇತ್ತು, ನಿಜ. ಆದರೆ ಅದರ ಹಿಂದೊಂದು ಮುಂದೊಂದು ಇದ್ದ ಹಿತ್ತಾಳೆ ಲಾಟೀನುಗಳು ಕಿಲುಬು ಹಿಡಿದು, ಹಲ್ಲುದುರಿದ ಮುದುಕರಂತೆ ಬಾಯಿ ತೆರೆದು ಕೂತಿದ್ದವು. ದೀಪವಿಲ್ಲದ ದೋಣಿ ಕತ್ತಲಾದ ಮೇಲೆ ಹೊರಡುತ್ತಿರಲಿಲ್ಲ; ಸಿನಿಮಾ ಕತ್ತಲಾಗದೆ ಶುರುವಾಗುತ್ತಿರಲಿಲ್ಲ.

ನಾಡಿದ್ದು ಟೆಂಟು ಕೀಳುತ್ತಾರೆ ಎಂಬ ಸುದ್ದಿ ಬಂದ ಬೆಳಿಗ್ಗೆ ಮಾಯಮ್ಮ ಎರಡೂ ಲಾಟೀನು ಬಿಚ್ಚಿ ಅಂಗಳಕ್ಕೆ ತಂದಳು.

"ದೀಪ ಸರಿಮಾಡಾಳಂತೆ, ದೊಡ್ಡ ಇಂಜಿನೇರಮ್ಮ" ಎಂದು ಅತ್ತೆ ಚಿಕ್ಕಲಕ್ಷ್ಮಮ್ಮ ಜಗಲಿಯಿಂದಲೇ ಹಂಗಿಸಿದಳು.

ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ್ದಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಪಾರ್ವತಮ್ಮ, ಅಂಗಡಿ ಬತ್ತಿ ಯಾಕೆಂದು ತನ್ನ ಹಳೇ ಸೀರೆಯ ಸೆರಗು ಹೊಸೆದು ತುರುಕಿದಳು. ಹಚ್ಚಿದೊಡನೆ ಲಾಟೀನು ಹಸಿ ಸೌದೆಯ ಒಲೆಯಂತೆ ಹೊಗೆಯುಗುಳಿತು. ಮಸಿ ತೊಳೆದು ಗಾಜು ಒಣಗಲು ಇಟ್ಟರೆ, ಎದುರು ಮನೆಯ ಸುಬ್ಬಮ್ಮ ಭಕ್ತಿ ಉಕ್ಕಿ ಗಾಜಿನ ಸುತ್ತ ಅರಿಸಿನ ಬಳಿದು ಕುಂಕುಮ ಇಟ್ಟುಬಿಟ್ಟಿದ್ದಳು.

"ಇನ್ನು ಬೆಳ್ಕು ಎಲ್ಲಿಂದ ಬಂದದು ಸುಬ್ಬಕ್ಕ?"

"ಮೊದ್ಲು ದೀಪಕ್ಕೆ ಮರ್ವಾದೆ ಕಣೆ. ಬೆಳ್ಕು ಆಮ್ಯಾಕೆ."

ಮಾಯಮ್ಮ ಮತ್ತೆ ತೊಳೆದು, ಅಂಗಡಿ ಬತ್ತಿಯನ್ನೇ ತಂದು ಹಾಕಿದಳು. ಸಂಜೆಗೆ ಒಂದು ಲಾಟೀನು ಚೆನ್ನಾಗಿ ಉರಿಯಿತು. ಇನ್ನೊಂದರ ತಿರುಪು ಸವೆದು ಬತ್ತಿ ಕುಸಿಯುತ್ತಿತ್ತು. ತಲೆಯ ಪಿನ್ನು ಸಿಕ್ಕಿಸಿ ಬೆರಳಲ್ಲಿ ಒತ್ತಿ ಹಿಡಿದರೆ ಮಾತ್ರ ನಿಲ್ಲುತ್ತಿತ್ತು. ದೋಣಿಯ ಹಿಂದೆ ಕೂತು ಹಿಡಿದುಕೊಂಡರಾಯಿತು ಎಂದುಕೊಂಡು ಅವಳು ಮದುವೆಯ ಸೀರೆ ಉಟ್ಟಳು.

ದಡಕ್ಕೆ ಬಂದರೆ ಕೇರಿಗೆ ಕೇರಿಯೇ ದೋಣಿಯಲ್ಲಿತ್ತು. ಎಲ್ಲರಿಗಿಂತ ಮುಂದೆ ಅತ್ತೆ.

ತಮ್ಮಯ್ಯ ತಲೆ ಕೆರೆದುಕೊಂಡ. "ಒಂದು ಲಾಟೀನು ಈ ದಡದಲ್ಲೇ ಇರ್ಬೇಕಲ್ಲಮ್ಮಿ. ಇಲ್ದಿದ್ರೆ ಬರುವಾಗ ದಡ ಎಲ್ಲೈತೆ ಅಂತ ಎಂಗೆ ಗೊತ್ತಾದದು? ಆರ್ದೆ ಇರೋದು ನಡುಹೊಳೇಲಿ ದೋಣಿಗೇ ಬೇಕು."

ಮಾತು ಸರಿಯಾಗಿಯೇ ಇತ್ತು. ಸುಬ್ಬಮ್ಮ ಪಿನ್ನು ಒತ್ತಿ ನೋಡಿದಳು, ದೀಪ ಆರಿತು. ಪಾರ್ವತಮ್ಮ ಒತ್ತಿದಳು, ಆರಿತು. ಮಾಯಮ್ಮ ಒತ್ತಿದಳು, ಸುಡುಗಾಡು ದೀಪ ಧಗ್ಗನೆ ಬೆಳಗಿತು.

"ಕತೆ ಪೂರ್ತಿ ಬಂದು ಯೋಳ್ತೀನಿ ಕಣವ್ವ" ಎಂದಳು ಅತ್ತೆ, ಸೊಸೆಯ ಮುಖ ನೋಡದೆ.

ಹಾಯಿ ಬಿಚ್ಚಿಕೊಂಡಿತು. ತನ್ನ ಕೈಯಾರೆ ಉಜ್ಜಿದ ಬೆಳಕು ನೀರ ಮೇಲೆ ತೂಗುತ್ತಾ ಹೋಗುವುದನ್ನು ಮಾಯಮ್ಮ ದಡದಲ್ಲಿ ಪಿನ್ನು ಒತ್ತಿಕೊಂಡು ನೋಡುತ್ತ ಕೂತಳು. ಅಳು ಬರಬೇಕಿತ್ತು, ಬರಲಿಲ್ಲ. ಆ ಹೊಳೆಯ ಮೇಲೆ ಕತ್ತಲಲ್ಲಿ ದೀಪ ಹೋದದ್ದನ್ನು ಅವಳು ಕಂಡದ್ದು ಅದೇ ಮೊದಲು. ಆಚೆ ದಡದಿಂದ ಹಾಡು ಶುರುವಾಯಿತು.

ನಾಳೆ ಇನ್ನೊಂದು ಆಟವಿತ್ತು. ಬೆಳಗಾಗಲಿ, ಮೊದಲು ಅತ್ತೆಗೆ ಪಿನ್ನು ಒತ್ತುವುದನ್ನು ಕಲಿಸಬೇಕು ಎಂದುಕೊಂಡು ಅವಳು ಬೆರಳು ಬದಲಿಸಿದಳು.