ಹಳಿ ಪಕ್ಕದ ಮಹಡಿ

ಪರಂಪರಾ ರೈಲ್ವೆ ಸಮಿತಿಯಿಂದ ಹರ್ಕಮಾನನಿಗೆ ಬಂದ ಕಾಗದದಲ್ಲಿ ಇದ್ದದ್ದು ಒಂದೇ ಸಾಲು: ‘ನಿಮ್ಮ ಅಂಗಡಿ ನೋಡಲು ಇಂದು ಹನ್ನೊಂದರ ರೈಲಿಗೆ ಬರುತ್ತೇವೆ.’ ಅದನ್ನು ತಾನೊಬ್ಬನೇ ಓದಿ ಮಡಚಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಅವನು ಹೋಗಿ ಪಕ್ಕದ ಸ್ವೆಟರ್ ಅಂಗಡಿಯ ನೊರ್ದೆನ್‌ಗೆ ತೋರಿಸಿದ.

ಬೆಟ್ಟದೂರು ಸಿಮ್‌ಖೋಲಾದಲ್ಲಿ ಹರ್ಕಮಾನನ ಮೊಮೊ ಅಂಗಡಿ ಪುಟಾಣಿ ರೈಲಿನ ಹಳಿಗೆ ಎಷ್ಟು ಹತ್ತಿರವೆಂದರೆ, ಕಿಟಕಿಯಲ್ಲಿ ಕೂತವರು ಕೈ ಚಾಚಿ ಚಟ್ನಿಗೆ ಅದ್ದಿಕೊಳ್ಳಬಹುದು. ಹಿಂದೆ ಒಂದೇ ಕೋಣೆ. ಅದರಲ್ಲಿ ಅವನು, ಹೆಂಡತಿ ದಿಲ್‌ಮಾಯಾ, ಹೋದ ತಿಂಗಳು ಮದುವೆಯಾದ ಮಗ, ಸೊಸೆ. ಮೇಲೊಂದು ಮಹಡಿಗಾಗಿ ಮೂರು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದ. ಹಳಿ ಪಕ್ಕದಲ್ಲಿ ಸಮಿತಿಯ ಒಪ್ಪಿಗೆಯಿಲ್ಲದೆ ಮೊಳೆ ಹೊಡೆಯುವಂತಿಲ್ಲ.

ನೊರ್ದೆನ್ ಕಾಗದವನ್ನು ಎರಡು ಸಲ ಓದಿದ. ಹರ್ಕಮಾನನನ್ನು ಅವನು ಕರೆಯುತ್ತಿದ್ದದ್ದು ‘ದಾಜು’, ಅಂದರೆ ಅಣ್ಣ, ಎಂದು.

"ನೋಡೋದು ಅಂದ್ರೆ ಏನು ಗೊತ್ತಾ ದಾಜು? ಒಡೆಯೋದು. ಹೊಸ ಕಟ್ಟಡ ಅಂದ್ರೆ ಬುಲ್ಡೋಜರ್ ತರ್ತಾರೆ, ಹಳೇದು ಅಂದ್ರೆ ಕೈ ಮುಗೀತಾರೆ. ನಿನ್ನಂಗಡಿ ಹಳೇದಾಗ್ಬೇಕು. ಹನ್ನೊಂದರೊಳಗೆ."

"ಹನ್ನೆರಡು ವರ್ಷದ ಹಿಂದೆ ನಾನೇ ಕಟ್ಸಿದ್ದಲ್ವೇನೋ! ಇಟ್ಟಿಗೆ ಹೊತ್ತೋನು ನೀನೇ!"

"ಅದನ್ನ ನಾನು ಮರ್ತಾಯ್ತು. ನೀನೂ ಮರ್ತುಬಿಡು."

ಅರ್ಧ ಗಂಟೆಯಲ್ಲಿ ಇಡೀ ಬೀದಿ ನೆರವಿಗೆ ಬಂತು, ಬೇಡವೆಂದರೂ ಬಂತು. ಯಾರೋ ಪ್ಲಾಸ್ಟಿಕ್ ಬೋರ್ಡು ಕಿತ್ತರು. ಯಾರೋ ಎಂಜಿನ್ನಿನ ಮಸಿ ತಂದು ಸಾಸಿವೆ ಎಣ್ಣೆಯಲ್ಲಿ ಕಲಸಿ ಗೋಡೆಗೆ ಬಳಿದರು. ಆ ಭರದಲ್ಲಿ ಅರ್ಧ ಮಸಿ ಮೊಮೊ ಹಿಟ್ಟಿಗೆ ಬಿತ್ತು. ಹರ್ಕಮಾನ್ ಮದುವೆ ಮನೆಯ ಹೋತದಂತೆ ಎಲ್ಲರ ಕಾಲಿಗೂ ಸಿಗುತ್ತಾ, "ಸಾಕು ಮಾರಾಯ್ರೇ, ಸಾಕು!" ಎಂದು ಕೂಗುತ್ತಿದ್ದ. ನೊರ್ದೆನ್ ಗೋಡೆಗೊಂದು ಮಾಸಿದ ಫೋಟೊ ತೂಗುಹಾಕಿದ.

"ಇವರು ನಿನ್ನಜ್ಜ."

"ಇವರು ಲಾಮಾ ಕಣೋ! ನನ್ನಜ್ಜ ಅಲ್ಲ, ನಿನ್ನಜ್ಜ!"

"ಇವತ್ತೊಂದಿನ ಇಟ್ಕೋ ದಾಜು."

ಕೊನೆಗೆ ಎಂಬತ್ತೈದು ದಾಟಿದ ಐತಮಾಯಾ ಅಜ್ಜಿಯನ್ನು ಕುರ್ಚಿ ಸಮೇತ ಹೊತ್ತು ತಂದರು. "ಬೊಜು, ಬಿಳಿ ಸಾಹೇಬರ ಕಾಲದಲ್ಲೂ ಇಲ್ಲಿ ಚಹಾ ಕುಡಿದಿದ್ದೆ ಅನ್ನು, ಸಾಕು," ಎಂದು ನೊರ್ದೆನ್ ಅಜ್ಜಿಗೆ ಹೇಳಿಕೊಟ್ಟ.

ಹನ್ನೊಂದರ ರೈಲು ಹನ್ನೆರಡೂಕಾಲಕ್ಕೆ ಉಸ್ಸೆನ್ನುತ್ತಾ ಬಂತು. ಇಳಿದವರು ಸಮಿತಿಯ ಸನ್ಯಾಲ್ ಬಾಬು. ಮಂಕಿ ಟೋಪಿ, ಮಫ್ಲರ್, ಕಂಕುಳಲ್ಲಿ ಚರ್ಮದ ಚೀಲ. ಗೋಡೆ ನೋಡಿದರು, ಫೋಟೊ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು.

"ಇದು... ಎಷ್ಟು ಹಳೇದು?"

"ಚಹಾನಾ?" ಎಂದಳು ಬೊಜು. "ನಮ್ಮಪ್ಪ ಈ ಹಳಿ ಹಾಕೋವಾಗ ಇಲ್ಲೇ ಕುಡೀತಿದ್ದ. ದೊಡ್ಡ ಲಾಟ್ ಸಾಹೇಬ್ರು ಇಲ್ಲೇ ಜಾರಿ ಬಿದ್ರು. ಎತ್ತಿದ್ದು ನಾನೇ!"

ಸನ್ಯಾಲ್ ಬಾಬುಗಳ ಕಣ್ಣು ತುಂಬಿತು. ಚೀಲದಿಂದ ಮೊಹರು ಬಿದ್ದ ಕಾಗದವೊಂದನ್ನು ತೆಗೆದರು.

"ಹರ್ಕಮಾನ್ ಬಾಬು, ಇದು ನಿಮ್ಮ ಮಹಡಿಯ ಒಪ್ಪಿಗೆ ಪತ್ರ. ಕೈಯಾರೆ ಕೊಟ್ಟು ಹೋಗೋಣ ಅಂತ ಬಂದೆ. ಎಂಥ ಪಾಪ ಮಾಡ್ತಿದ್ದೆ!" ಎಂದವರೇ ಪರ್ರನೆ ನಾಲ್ಕು ತುಂಡು ಮಾಡಿದರು. "ಇವತ್ತಿಂದ ಇದು ಸಂರಕ್ಷಿತ ಕಟ್ಟಡ. ಇದರ ಒಂದು ಕಲ್ಲೂ ಅಲುಗಬಾರದು."

ಹರ್ಕಮಾನ್ ಬಗ್ಗಿ ಅವರ ಕಾಲು ಹಿಡಿದ. "ಸುಳ್ಳು ಬಾಬು! ಎಲ್ಲಾ ಸುಳ್ಳು! ಇದನ್ನ ನಾನೇ ಕಟ್ಸಿದ್ದು! ಇದು ಬರೀ ಮಸಿ, ನೋಡಿ!"

"ಮಹಡಿ ಆಸೆಗೆ ಸ್ವಂತ ಅಜ್ಜನ್ನೇ ಅಲ್ಲಗಳೀತೀರಲ್ಲ," ಎಂದರು ಸನ್ಯಾಲ್ ಬಾಬು ನೋವಿನಿಂದ.

"ಹರ್ಕಮಾನ್, ಸುಳ್ಳು ಹೇಳ್ಬೇಡ," ಎಂದು ಬೊಜುವೂ ಗದರಿದಳು. ಅಷ್ಟು ಹೊತ್ತಿಗೆ ತಾನು ಹೇಳಿದ್ದನ್ನು ಅವಳೇ ನಂಬಿಬಿಟ್ಟಿದ್ದಳು. "ನನ್ನ ಮದುವೆ ಮಾತು ಆಗಿದ್ದೂ ಇಲ್ಲೇ!"

ಬೀದಿ ಖಾಲಿಯಾಯಿತು. ಹರ್ಕಮಾನ್ ಮಸಿ ಹಿಟ್ಟನ್ನು ಚರಂಡಿಗೆ ಸುರಿಯುತ್ತಿದ್ದಾಗ ನೊರ್ದೆನ್ ಬಂದು ತಲೆ ಕೆರೆಯುತ್ತಾ ನಿಂತ.

"ದಾಜು, ಬೇಜಾರು ಮಾಡ್ಕೋಬೇಡ. ಮಹಡಿಗೆ ನಾನೂ ಒಂದು ಅರ್ಜಿ ಹಾಕಿದ್ದೆ, ಹೇಳೋದು ಮರ್ತುಹೋಗಿತ್ತು. ಬಾಬು ಹೋಗ್ತಾ ನನ್ನಂಗಡಿ ನೋಡಿ, ‘ಇದರಲ್ಲಿ ಉಳಿಸೋಂಥದ್ದು ಏನೂ ಇಲ್ಲ, ಏನು ಬೇಕಾದ್ರೂ ಕಟ್ಕೋ’ ಅಂತ ಸಹಿ ಹಾಕಿಕೊಟ್ರು. ಮಗ-ಸೊಸೆಗೆ ಕೋಣೆ ಬೇಕಿದ್ರೆ ಹೇಳು. ಬಾಡಿಗೇಲಿ ನಿನಗೆ ಅನ್ಯಾಯ ಮಾಡಲ್ಲ."

ಹರ್ಕಮಾನ್ ಹಿಟ್ಟಿನ ಪಾತ್ರೆಯನ್ನು ಎತ್ತಿ ಹಿಡಿದ. ಅದು ಯಾರ ತಲೆಯ ಮೇಲೆ ಬೀಳಬೇಕೆಂದು ಅವನು ತೀರ್ಮಾನಿಸುವ ಮೊದಲೇ ಒಳಗಿನಿಂದ ದಿಲ್‌ಮಾಯಾಳ ದನಿ ಕೇಳಿಸಿತು:

"ಕೆಲಸ ಯಾವಾಗ ಮುಗಿಯುತ್ತೆ ನೊರ್ದೆನ್ ಭಾಯಿ? ಒಂದಲ್ಲ, ಎರಡು ಕೋಣೆ ಬೇಕು. ಒಂದು ಮಗ-ಸೊಸೆಗೆ, ಇನ್ನೊಂದು ನನಗೆ. ಇವರು ಬೇಕಾದ್ರೆ ಅಜ್ಜನ ಜೊತೆ ಇಲ್ಲೇ ಇರ್ಲಿ."